ತುದಿ ಮಡಚಿದ ತಂತಿ

"ಬೋಗುಣಿ ಇನ್ನೊಂದು ಚೂರು ಈ ಕಡೆ ತಳ್ಳಿ ದಫೇದಾರಮ್ಮ. ಎಣ್ಣೆ ನೆಲಕ್ಕೆ ಬಿದ್ರೆ ಉಜ್ಜೋಳು ನಾನು, ನೀವಲ್ಲ."

ದಫೇದಾರಮ್ಮ ಕೂತಲ್ಲಿಂದಲೇ ಕಾಲಿನ ತುದಿಯಿಂದ ಬೋಗುಣಿಯನ್ನು ತಳ್ಳಿದರು. ಮಂಡಿ ಹಿಡಿದುಕೊಂಡ ಮೇಲೆ ಅವರು ಬಗ್ಗುವುದನ್ನೇ ಬಿಟ್ಟಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದಾಗ ಕೊಟ್ಟ ಹಾರ ಕೆಳಗೆ ಬಿದ್ದಿದ್ದನ್ನೂ ಎತ್ತಿಕೊಳ್ಳದೆ ಬಂದೆ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಮೆತ್ತೆ ಹಾಕಿ, ಅಂಗಳದ ನೆರಳಿನಲ್ಲಿ ಅವರನ್ನು ಕೂರಿಸಲಾಗಿತ್ತು.

ಕನ್ನಡಕದಕ್ಕ ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಒರಗಿ ಮಲಗಿ, ಇಂಜಿನ್ನಿನ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಬೋಲ್ಟಿಗೆ ಬಿಗಿದಿದ್ದ ತಂತಿಯನ್ನು ಆಗಲೇ ಕತ್ತರಿಸಿ ಬಟ್ಟಲಿಗೆ ಹಾಕಿದ್ದಾಗಿತ್ತು. ಸ್ಪ್ಯಾನರ್ ಕೂರಿಸಿ ತಿರುಗಿಸಿದಳು.

"ವರ್ಷಗಟ್ಟಲೆ ನಿಂತ ಎಣ್ಣೆ ಟಾರಿನ ಹಾಗಾಗಿರುತ್ತೆ. ಇಳಿಯೋಕೆ ಮಧ್ಯಾಹ್ನ ಆಗುತ್ತೆ, ನೋಡಿ. ಅಷ್ಟರಲ್ಲಿ ಚಹಾ ಮಾಡ್ತೀನಿ."

ಬೋಲ್ಟು ಬೆರಳಿಗೆ ಬಂತು. ಎಣ್ಣೆ ತಡೆಯಲೇ ಇಲ್ಲ. ಸಣ್ಣಗೆ, ಸಲೀಸಾಗಿ, ಬಿಸಿಲು ಆಚೆಯಿಂದ ಕಾಣುವಷ್ಟು ತಿಳಿಯಾಗಿ, ಜೇನಿನ ಬಣ್ಣದಲ್ಲಿ ಬೋಗುಣಿಗೆ ಇಳಿಯತೊಡಗಿತು.

"ಚೆನ್ನಾಗಿಯೇ ಇದೆಯಲ್ಲಮ್ಮ. ಇಂಥಾದ್ದನ್ನ ಯಾಕೆ ಚೆಲ್ತೀರಿ?" ಅಂದರು ದಫೇದಾರಮ್ಮ.

ಕನ್ನಡಕದಕ್ಕ ಎದ್ದು ಕೂತಳು. ಕೈಯಲ್ಲಿನ ಬೋಲ್ಟಿನಿಂದ ಒಂದು ಹನಿ ಅವಳ ಸೆರಗಿಗೆ ಬಿತ್ತು.

"ಅದೇ ದಫೇದಾರಮ್ಮ. ಚೆನ್ನಾಗಿರಬಾರದಿತ್ತು."

ಏಳು ವರ್ಷದ ಹಿಂದೆ ಗಿರಣಿಯ ಗೋದಾಮಿಗೆ ಬೆಂಕಿ ಬಿದ್ದು ಕಾವಲುಗಾರ ಸತ್ತಿದ್ದ. ಮಾರನೆಯ ಬೆಳಗ್ಗೆ ನದಿಯ ಸೇತುವೆಯ ಮೇಲೆ ಈ ಗಾಡಿಯೂ ಅದರ ಪಕ್ಕ ಒಂದು ಜೊತೆ ಚಪ್ಪಲಿಯೂ ಸಿಕ್ಕವು. ಗಾಡಿಯ ಒಡೆಯ, ಗಿರಣಿಯ ಫಿಟ್ಟರ್, ಕನ್ನಡಕದಕ್ಕನ ಗಂಡ, ಸಿಗಲೇ ಇಲ್ಲ. ಅಂದಿನಿಂದ ಗಾಡಿ ಅವಳ ಮೈದುನನ ಹೊಲಿಗೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿತ್ತು. "ನಾನು ಕೈ ಸಹ ಇಟ್ಟಿಲ್ಲ ಅತ್ತಿಗೆ, ಹಾಕಿದ ಟಾರ್ಪಾಲು ಹಾಕಿದ ಹಾಗೇ ಇದೆ," ಎಂದು ಅವನು ಮೊನ್ನೆ ತಳ್ಳಿಕೊಂಡು ಬಂದು ಒಪ್ಪಿಸಿದ್ದ.

ಸೋಮವಾರ ಅವಳು ನ್ಯಾಯಾಲಯದಲ್ಲಿ ನಿಂತು ಗಂಡ ಸತ್ತಿದ್ದಾನೆ ಎಂದು ಹೇಳಬೇಕಿತ್ತು. ಆ ಮಾತು ಬಾಯಿಂದ ಬರುವ ಮೊದಲು ಗಾಡಿ ಮನೆಗೆ ಬರಲಿ, ಒಂದು ಸಲ ನನ್ನ ಕೈಯಾರೆ ಎಣ್ಣೆ ಬದಲಿಸಿ, ಪ್ಲಗ್ ಒರೆಸಿ, ಸ್ಟಾರ್ಟ್ ಮಾಡಿ ನೋಡುತ್ತೇನೆ ಎಂದು ಹಟ ಹಿಡಿದು ತರಿಸಿಕೊಂಡಿದ್ದಳು; ಗಂಡನನ್ನು ಕೊನೆಯದೊಂದು ಸಲ ಹುಡುಕಿಕೊಡಿ ಎಂದು ದಫೇದಾರಮ್ಮನನ್ನೂ ಕರೆಸಿದ್ದಳು. ಅದು ಮಾವ ಕೊಂಡ ಗಾಡಿ. ಗಂಡ ಹುಟ್ಟುವುದಕ್ಕೂ ಮೊದಲೇ ಈ ಮನೆಗೆ ಬಂದದ್ದು. ಹಾಗಾಗಿ ಮದುವೆಯಾದ ಹೊಸತರಲ್ಲಿ ಅವಳು ಅದನ್ನು "ಭಾವ" ಎಂದು ಕರೆದಿದ್ದಳು. ಮನೆಮಂದಿಯೆಲ್ಲ ನಕ್ಕಿದ್ದರು. ಹೆಸರು ಮಾತ್ರ ಉಳಿದುಬಿಟ್ಟಿತು.

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಇಣುಕಿದಳು. "ಏನ್ರೀ ಕನ್ನಡಕದಕ್ಕ, ಗಾಡಿಗೂ ನಂಬರು ನೋಡಿ ಗಾಜು ಹಾಕ್ತಿದೀರಾ?"

"ಹೂಂ ಕಣೇ, ಭಾವನವರಿಗೆ ದೂರದ್ದು ಕಾಣ್ತಿಲ್ವಂತೆ," ಎಂದಳು ಅವಳು ತಲೆ ಎತ್ತದೆ. ನಗು ಬರಲಿಲ್ಲ. ಅವಳ ಕಣ್ಣು ಬಟ್ಟಲ ಮೇಲಿತ್ತು.

ಬಟ್ಟಲಿನಿಂದ ತಂತಿಯ ತುಂಡನ್ನು ಹೆಕ್ಕಿಕೊಂಡಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು ಅವಳು. ಒಂಟಿ ಕಣ್ಣಿಗೆ ಇಟ್ಟುಕೊಳ್ಳುವ ಮಸೂರ ಸದಾ ಸೊಂಟದ ಚೀಲದಲ್ಲೇ ಇರುತ್ತಿತ್ತು. ಅದನ್ನು ಕಣ್ಣಿಗೆ ಒತ್ತಿ ತಂತಿಯನ್ನು ಬೆಳಕಿಗೆ ಹಿಡಿದಳು.

ತಂತಿಗೆ ತುಕ್ಕಿರಲಿಲ್ಲ. ಹೊಸ ತಂತಿ, ಥಳಥಳ ಅನ್ನುತ್ತಿತ್ತು. ಅದರ ತುದಿ ಪುಟ್ಟ ಉಂಗುರದ ಹಾಗೆ ಒಳಕ್ಕೆ ಸುರುಳಿಯಾಗಿತ್ತು.

ಅವಳು ಅದನ್ನು ಮತ್ತೆ ಮತ್ತೆ ಹೊರಳಿಸಿ ನೋಡಿದಳು. ದಫೇದಾರಮ್ಮ ಏನೆಂದು ಕೇಳಲಿಲ್ಲ. ಎದುರಿಗಿರುವವರು ತಾವಾಗಿ ಬಾಯಿ ಬಿಡುವ ತನಕ ಸುಮ್ಮನಿರುವುದು ಅವರಿಗೆ ಕೆಲಸ ಕಲಿಸಿದ್ದ ಪಾಠ. ಬಾಯಿಗೊಂದು ಲವಂಗ ಹಾಕಿಕೊಂಡರು.

"ಈ ಬೋಲ್ಟಿನ ತಿರುಪಿನ ಗೆರೆ ಸವೆದುಹೋಗಿದೆ," ಎಂದಳು ಕೊನೆಗೆ. "ಒಂದ್ಸಲ ದಾರಿಯಲ್ಲಿ ಕಳಚಿಬಿದ್ದು ಎಣ್ಣೆಯೆಲ್ಲ ಸೋರಿಹೋಯ್ತು. ಆಮೇಲೆ ಇವರು ಬೋಲ್ಟಿನ ತಲೆಗೆ ತೂತು ಕೊರೆದು ತಂತಿ ಬಿಗಿಯೋಕೆ ಶುರು ಮಾಡಿದ್ರು. ನಾನು ಕೆಳಗೆ ಒರೆಸ್ತಾ ಇದ್ದಾಗ ತಂತಿ ತುದಿ ಬೆರಳಿಗೆ ಹೊಕ್ಕಿತು. ಕೀವಾಗಿ ಅಂಗಡಿ ಕೆಲಸಕ್ಕೂ ಹೋಗೋಕಾಗ್ಲಿಲ್ಲ. ಅವತ್ತಿಂದ ತುದಿ ಸುರುಳಿ ಮಾಡ್ದೆ ಬಿಟ್ಟೋರೇ ಅಲ್ಲ."

"ತುದಿ ಸುರುಳಿ ಮಾಡೋರು ಬೇರೆ ಯಾರೂ ಇರಲ್ವಾ?"

"ಇರಬಹುದು. ಆದ್ರೆ ಎಡಕ್ಕೆ ಮಾಡಲ್ಲ. ನೋಡಿ, ಇದು ಎಡಕ್ಕೆ ತಿರುಗಿದೆ. ಅವರದ್ದು ಎಡಗೈ." ತಂತಿಯನ್ನು ಅಂಗೈಯ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ಮುಚ್ಚಿದಳು, ಹಾರಿಹೋಗುವ ಹುಳುವನ್ನು ಮುಚ್ಚಿದ ಹಾಗೆ. "ಒಂದ್ಸಲ ಬೇರೆ ಮೆಕ್ಯಾನಿಕ್ ಕಟ್ಟಿದ್ದ. ಇವರು ಕೈ ಹಾಕಿದ್ರು, ಚುಚ್ತು. ‘ಬೇರೆಯವರ ಕೈ ಬಿದ್ದಿದೆ’ ಅಂತ ಗಾಡಿ ಹತ್ತಲೇ ಇಲ್ಲ, ಎಲ್ಲಾ ಬಿಚ್ಚಿ ನೋಡಿದ ಮೇಲೇ ಹತ್ತಿದ್ದು."

ದಫೇದಾರಮ್ಮ ಲವಂಗವನ್ನು ಬಾಯಿಯ ಇನ್ನೊಂದು ಬದಿಗೆ ತಳ್ಳಿದರು. "ಇನ್ನೇನು ಬಿಚ್ಚೋದಿದೆ?"

"ಎಣ್ಣೆ ಸೋಸೋ ಡಬ್ಬಿ ಮುಚ್ಚಳ."

"ಬಿಚ್ಚಿ."

ಮುಚ್ಚಳ ಬಂತು. ಅದರ ಕೆಳಗೆ ಎಣ್ಣೆ ಸೋರದಂತೆ ಕೂರಿಸುವ ರಟ್ಟಿನ ಬಿಲ್ಲೆ, ಗ್ಯಾಸ್ಕೆಟ್ಟು. ಅವಳ ಗಂಡ ಅದನ್ನು ಅಂಗಡಿಯಿಂದ ತಂದವನೇ ಅಲ್ಲ. ಕೈಗೆ ಸಿಕ್ಕ ರಟ್ಟನ್ನು ಮುಚ್ಚಳದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಳತೆಗೆ ಕತ್ತರಿಸಿಕೊಳ್ಳುತ್ತಿದ್ದ. ಅವಳು ಅದನ್ನು ಒರೆಸಿ ದಫೇದಾರಮ್ಮನ ಕೈಗೆ ಕೊಟ್ಟಳು.

ಕಂದು ರಟ್ಟು. ಎಣ್ಣೆ ಹೀರಿ ಮೆತ್ತಗಾಗಿತ್ತು. ದಫೇದಾರಮ್ಮ ಅದನ್ನು ಸೂರ್ಯನಿಗೆ ಅಡ್ಡ ಹಿಡಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಣ್ಣ ಸಣ್ಣ ತೂತುಗಳ ಸಾಲು ಬೆಳಕಿಗೆ ಮಿಣಮಿಣ ಅಂದಿತು.

"ಎಣ್ಣೆ ನಿಮ್ಮ ಇಲಾಖೆ," ಅಂದರು. "ಇದು ನನ್ನದು. ಅಂಗಿ ಅಳತೆಯ ರಟ್ಟಿನ ಮೇಲೆ ಹಲ್ಲಿನ ಚಕ್ರ ಉರುಳಿಸಿ ಗುರುತು ಹಾಕ್ತಾರಲ್ಲ, ಅದರ ತೂತು. ನನ್ನ ಅಳತೆಗೆ ಹಾಕೋವಾಗ ನಿಮ್ಮ ಮೈದುನ ರಟ್ಟು ಸಾಲಲ್ಲ ಅಂತ ಅಂಟು ಹಾಕಿ ಎರಡು ಸೇರಿಸ್ತಾನೆ, ಗಾಂಚಾಲಿ."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಗಲೇ ಬಾಗಿಲ ಚಿಲಕ ಸದ್ದಾಯಿತು.

"ಅತ್ತಿಗೆ! ಬಟ್ಟೆ ಹೊಲಿದಾಯ್ತು. ಸೋಮವಾರಕ್ಕೆ ಹಾಕ್ಕೊಳ್ಳಿ, ತೋಳು ಸ್ವಲ್ಪ ಸಡಿಲ ಬಿಟ್ಟಿದೀನಿ."

ಮೈದುನ ಒಳಗೆ ಬಂದ. ಕುತ್ತಿಗೆಗೆ ಅಳತೆಯ ಟೇಪು, ಅಂಗಿಯ ಕಾಲರಿಗೆ ಚುಚ್ಚಿದ ಸೂಜಿಗಳು, ಕಂಕುಳಲ್ಲಿ ಕಾಗದದ ಪೊಟ್ಟಣ. ಬೋಗುಣಿಯ ಎಣ್ಣೆ ಕಂಡು ಹೆಜ್ಜೆ ನಿಧಾನವಾಯಿತು.

"ಬಾರಪ್ಪ, ಕೂತ್ಕೋ," ಅಂದರು ದಫೇದಾರಮ್ಮ. "ಗಾಡಿಗೆ ಎಣ್ಣೆ ಹಾಕಿದೋರು ಯಾರು?"

"ಎಣ್ಣೆನಾ? ಹಳೇದು ಇರಬೇಕು."

"ಹಳೇದು ಹೀಗಿರಲ್ವಂತೆ."

ಅವನು ಅತ್ತಿಗೆಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. "ಓ… ಹೌದು. ನಾನೇ ಹಾಕಿಸ್ದೆ. ಹಾಕ್ದೆ. ಕಬ್ಬಿಣ ಹಾಳಾಗೋದು ಬೇಡ ಅಂತ."

"ಮೊನ್ನೆ ಕೈ ಸಹ ಇಟ್ಟಿಲ್ಲ ಅಂದೆ."

"ಮರೆತಿದ್ದೆ ಅತ್ತಿಗೆ."

"ಸರಿ, ಒಳ್ಳೇದೇ ಮಾಡಿದೀಯ," ಎಂದರು ದಫೇದಾರಮ್ಮ. ಬಟ್ಟಲಿನ ಪಕ್ಕ ಇದ್ದ ಹೊಸ ತಂತಿಯ ಸುರುಳಿಯನ್ನೂ ಕಟಿಂಗ್ ಪ್ಲೇಯರನ್ನೂ ಕಾಲಿನಿಂದಲೇ ಅವನ ಮುಂದಕ್ಕೆ ತಳ್ಳಿದರು. "ಒಂದು ತುಂಡು ಕತ್ತರಿಸಿ ತುದಿ ಸುರುಳಿ ಮಾಡಿ ತೋರಿಸಪ್ಪ. ನೀನು ಕಟ್ಟಿದ್ದ ಹಾಗೇ."

ಮೈದುನ ನಕ್ಕ. ಪ್ಲೇಯರ್ ಹಿಡಿದ. ಹೊಲಿಗೆಯವನ ಕೈ, ಚುರುಕಾದ ಕೈ. ಕ್ಷಣದಲ್ಲಿ ತುದಿಯನ್ನು ಮಡಚಿ ಅಂದವಾದ ಉಂಗುರ ಮಾಡಿ ಕೊಟ್ಟ.

ಕನ್ನಡಕದಕ್ಕ ಮುಷ್ಟಿ ಬಿಚ್ಚಿ, ತನ್ನ ಕೈಯಲ್ಲಿದ್ದ ತಂತಿಯನ್ನು ಅದರ ಪಕ್ಕಕ್ಕಿಟ್ಟಳು. ಎರಡು ಉಂಗುರಗಳೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತವು. ಅವನದು ಬಲಕ್ಕೆ ಸುತ್ತಿತ್ತು. ಇನ್ನೊಂದು ಎಡಕ್ಕೆ.

ಎಣ್ಣೆಯ ಧಾರೆ ಹನಿಯಾಗಿತ್ತು. ಟಪ್ ಎಂದು ಒಂದು ಹನಿ ಬಿದ್ದ ಮೇಲೆ ಇನ್ನೊಂದಕ್ಕೆ ಕಾಯುವಂತಾಯಿತು.

"ನಿನ್ನ ಅಂಗಡಿಯ ರಟ್ಟು," ಎಂದು ದಫೇದಾರಮ್ಮ ಗ್ಯಾಸ್ಕೆಟ್ಟನ್ನು ಅವನ ಕೈಗಿಟ್ಟರು. "ನಿನ್ನ ಅಣ್ಣನ ಕೈ. ಮಧ್ಯದಲ್ಲಿ ನೀನು ಏನು?"

ಅವನು ಪೊಟ್ಟಣವನ್ನು ಎದೆಗವಚಿಕೊಂಡು ನೆಲದ ಮೇಲೆ ಕುಸಿದು ಕೂತ.

"ಆಣೆ ಹಾಕಿಸ್ಕೊಂಡಿದಾನೆ ಅತ್ತಿಗೆ. ಅಮ್ಮನ ಮೇಲೆ."

ಕನ್ನಡಕದಕ್ಕ ಗಾಡಿಯ ಸೀಟು ಹಿಡಿದುಕೊಂಡಳು. "ಇದಾರೆ."

"ಇದಾನೆ."

"ಬರ್ತಾರೆ?"

"ಬರ್ತಾನೆ. ಇಂಥಾ ದಿನ ಅಂತಿಲ್ಲ. ಎಲ್ಲಿರ್ತಾನೋ ನನಗೂ ಗೊತ್ತಿಲ್ಲ, ಕೇಳಿದ್ರೆ ಎದ್ದು ಹೋಗಿಬಿಡ್ತಾನೆ. ಹಿತ್ತಿಲ ಕಡೆಯಿಂದ ಬಂದು ಶೆಡ್ಡಿನ ಬಾಗಿಲಲ್ಲೇ ಬಗ್ಗಿ, ಗಾಡಿ ಕೆಳಗೆ ಕೈ ಹಾಕಿ ಆ ತಂತಿ ಮುಟ್ಟಿ ನೋಡ್ತಾನೆ. ಅದು ಸರಿ ಇದ್ರೆ ಮಾತ್ರ ಒಳಗೆ. ಎಣ್ಣೆ ಬದಲಾಯಿಸ್ತಾನೆ, ಪ್ಲಗ್ ಉಜ್ತಾನೆ. ಒಂದೇ ಒಂದ್ಸಲ ಸ್ಟಾರ್ಟ್ ಮಾಡ್ತಾನೆ. ಆಮೇಲೆ ಹೋಗ್ತಾನೆ."

"ತೆಳ್ಳಗಾಗಿದಾರಾ?"

ಮೈದುನ ತಲೆ ಎತ್ತಲಿಲ್ಲ. "ಪ್ಯಾಂಟಿನ ಸೊಂಟ ಎರಡು ಸಲ ಹಿಡಿದುಕೊಟ್ಟೆ."

"ಕೆಮ್ಮು?"

"ಇದೆ."

"ನನ್ನ ವಿಷಯ ಕೇಳ್ತಾರಾ?"

"ಕೇಳಲ್ಲ ಅತ್ತಿಗೆ." ಅವನು ಕುತ್ತಿಗೆಯ ಟೇಪನ್ನು ಎಳೆದುಕೊಂಡ. "ಸ್ಟಾರ್ಟ್ ಮಾಡಿದ ಮೇಲೆ ಈ ಬೀದಿ ಕಡೆ ಮುಖ ಮಾಡ್ಕೊಂಡು ನಿಂತಿರ್ತಾನೆ. ಆರಿಸೋ ತನಕ ಹಾಗೇ ನಿಂತಿರ್ತಾನೆ."

ಅವಳ ಮುಖದಲ್ಲಿ ಏನೋ ಒಡೆಯಿತು. ಅಳುವಲ್ಲ, ಸಿಟ್ಟು.

"ನಾನು ಕೇಳಿಸ್ಕೊಂಡಿದ್ದೆ," ಅಂದಳು. "ಕೇಳಿಸ್ಕೊಂಡಿದ್ದೆ ಕಣೋ! ಪಾತ್ರೆ ತೊಳೀತಾ ಇದ್ದೆ. ಭಾವನ ಸದ್ದು. ಡುಗ್ ಡುಗ್ ಅಂದು ಮಧ್ಯೆ ಒಂದು ಬಡಿತ ನುಂಗ್ತಿತ್ತಲ್ಲ, ಅದೇ. ಒದ್ದೆ ಕೈಯಲ್ಲಿ ನಿನ್ನ ಅಂಗಡಿ ಬಾಗಿಲ ತನಕ ಓಡಿಬಂದೆ. ನೀನು ಏನಂದೆ?"

ಅವನು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತತೊಡಗಿದ.

"ಏನಂದೆ, ಹೇಳು. ದಫೇದಾರಮ್ಮನೂ ಕೇಳಲಿ."

"ಪಕ್ಕದ ಮನೆ ನೀರೆತ್ತೋ ಪಂಪು ಅಂದೆ."

"ಇನ್ನೂ?"

"ಮನಸ್ಸಿಗೆ ಹಚ್ಕೋಬೇಡಿ, ನಿಮಗೆ ಭ್ರಮೆ ಅಂದೆ."

"ಭ್ರಮೆ ಅಂದೆ. ನಾನು ನಂಬಿದೆ. ಆಮೇಲೆ ಎಷ್ಟೋ ಸಲ ಕೇಳಿಸಿದಾಗ ಕಿವಿಗೆ ಬಟ್ಟೆ ಕಟ್ಕೊಂಡು ಮಲಗಿದೀನಿ ಕಣೋ. ಅವರು ಅಲ್ಲಿ ಈ ಕಡೆ ಮುಖ ಮಾಡ್ಕೊಂಡು ನಿಂತಿದ್ರೆ, ನಾನು ಇಲ್ಲಿ ಕಿವಿ ಮುಚ್ಕೊಂಡು…" ಕೈಯೊರೆಸುವ ಬಟ್ಟೆಯನ್ನು ಹಿಂಡಿದಳು. "ಸೋಮವಾರದ ಈ ಏರ್ಪಾಟು ಯಾರದ್ದು?"

"ಅಣ್ಣಂದೇ. ‘ಅವಳ ಪಾಲಿಗೆ ನಾನು ಸತ್ತವನಾದ್ರೆ ಅವಳಾದ್ರೂ ಬದುಕ್ತಾಳೆ, ಆ ಕೆಲಸ ಮುಗಿಸಿಕೊಡು’ ಅಂದ. ಬೆಂಕಿ ಅಣ್ಣ ಹಚ್ಚಿದ್ದಲ್ಲ ಅತ್ತಿಗೆ."

"ಹಾಗಂತ ಅವನು ಹೇಳಿದನಾ?" ದಫೇದಾರಮ್ಮನ ಪ್ರಶ್ನೆ ತಣ್ಣಗಿತ್ತು.

ಮೈದುನ ತಲೆಯಾಡಿಸಿದ, "ಇಲ್ಲ. ಏನೂ ಹೇಳಿಲ್ಲ."

ದಫೇದಾರಮ್ಮ ಬಾಯಲ್ಲಿದ್ದ ಲವಂಗವನ್ನು ತೆಗೆದು ಗಿಡದ ಬುಡಕ್ಕೆ ಎಸೆದರು. ಕಾವಲುಗಾರನ ಹೆಣ ಹೊರತೆಗೆದ ದಿನ ಅವರು ಅಲ್ಲಿದ್ದರು. ಅವನ ಮಗಳು ಅಪ್ಪನ ಊಟದ ಡಬ್ಬಿ ಹಿಡಿದುಕೊಂಡೇ ಗೇಟಿನಲ್ಲಿ ನಿಂತಿದ್ದಳು. ಬೆಂಕಿ ಹಚ್ಚಿದ ಅನುಮಾನವಿದ್ದ ಫಿಟ್ಟರ್ ನದಿಗೆ ಬಿದ್ದಿದ್ದಾನೆ ಎಂದು ಇಲಾಖೆ ಕೈ ತೊಳೆದುಕೊಂಡಿತ್ತು; ಆ ಹುಡುಗಿ ಮಾತ್ರ ಇವತ್ತಿಗೂ ಬೀದಿಯಲ್ಲಿ ಸಿಕ್ಕರೆ ನಿಂತು, ಕೇಳದೆ, ಸುಮ್ಮನೆ ಇವರ ಮುಖ ನೋಡುತ್ತಿದ್ದಳು.

"ನೋಡು ತಾಯಿ," ಎಂದರು. "ನಿನ್ನ ಗಂಡನ್ನ ಹುಡುಕಿಕೊಡು ಅಂತ ನೀನು ಕೇಳ್ದೆ. ಹುಡುಕಿದ ಹಾಗಾಯ್ತು. ಆದ್ರೆ ಸತ್ತಿದ್ರೆ ಆ ಕಥೆ ಬೇರೆ. ಬದುಕಿದಾನೆ ಅಂದ ಮೇಲೆ ನಾನು ಸುಮ್ಮನೆ ಎದ್ದು ಹೋಗೋಕಾಗಲ್ಲ. ಆ ರಾತ್ರಿ ಅಲ್ಲಿ ಏನಾಯ್ತು ಅಂತ ಅವನೊಬ್ಬನಿಗೆ ಗೊತ್ತು. ಕಾವಲುಗಾರನ ಮಗಳಿಗೆ ನಾನು ಮಾತು ಕೊಟ್ಟಿದೀನಿ."

"ಹಿಡ್ಕೊಡ್ತೀರಾ?"

"ಕೇಳ್ತೀನಿ. ಉತ್ತರ ನೋಡ್ಕೊಂಡು ಮುಂದಿನದ್ದು."

"ಅವರು ಮಾಡಿರಲ್ಲ."

"ನೀನು ಹಾಗೆ ಹೇಳ್ದೆ ಇನ್ನೇನು ಹೇಳ್ತೀಯ? ಹೇಳಬೇಕು. ನಿನ್ನ ಜಾಗದಲ್ಲಿ ನಾನಿದ್ರೂ ಹೇಳ್ತಿದ್ದೆ." ದಫೇದಾರಮ್ಮ ಮೈದುನನ ಕಡೆ ತಿರುಗಿದರು. "ಗಾಡಿ ಶೆಡ್ಡಲ್ಲಿ ಇಲ್ಲದೆ ಇದ್ರೆ?"

"ಬಂದ ದಾರಿಯಲ್ಲೇ ತಿರುಗಿಹೋಗ್ತಾನೆ. ಮತ್ತೆ ಬರಲ್ಲ."

"ಹಾಗಾದ್ರೆ ಗಾಡಿ ಇವತ್ತೇ ವಾಪಸ್ಸು ಹೋಗಬೇಕು. ನಿನ್ನ ಅಂಗಡಿ ಎದುರು ಚಹಾದಂಗಡಿ ಇದೆಯಲ್ಲ, ಬೆಂಚು ಗಟ್ಟಿ ಇದೆಯಾ? ನನಗೆ ಬಹಳ ದಿನ ಕೂರೋ ಅಭ್ಯಾಸ ಇದೆ."

ಕನ್ನಡಕದಕ್ಕ ಗಾಡಿಯ ಟ್ಯಾಂಕಿನ ಮೇಲೆ ಕೈಯಾಡಿಸಿದಳು. ಬಂದು ಎರಡು ದಿನವೂ ಸರಿಯಾಗಿ ಆಗಿರಲಿಲ್ಲ. ರಾತ್ರಿ ನಿದ್ದೆ ಬಾರದೆ ಕಿಟಕಿಯಿಂದ ನೋಡಿದಾಗ ಅಂಗಳದಲ್ಲಿ ಅದರ ಆಕಾರ ಕಂಡರೆ ಸಾಕು, ಮನೆಯಲ್ಲಿ ಗಂಡಸಿನ ಉಸಿರು ಇದ್ದ ಹಾಗಾಗಿತ್ತು.

"ಬಿಚ್ಚಿದ್ದನ್ನ ಅರ್ಧಕ್ಕೆ ಬಿಟ್ಟು ಕಳಿಸಲ್ಲ," ಎಂದಳು. "ಪೂರ್ತಿ ಮಾಡೇ ಕಳಿಸ್ತೀನಿ. ಮತ್ತೆ, ಸೋಮವಾರ ನಾನು ಬರಲ್ಲ. ಆ ಬಟ್ಟೆ ನೀನೇ ಹಾಕ್ಕೊಂಡು ಹೋಗು."

ಕೆಲಸ ಮಾಡಿದಳು. ಸೋಸುವ ಡಬ್ಬಿಯನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದಳು. ಅದೇ ಗ್ಯಾಸ್ಕೆಟ್ಟನ್ನು ಒರೆಸಿ ಕೂರಿಸಿದಳು. ಅವನು ತಟ್ಟಿ ಕತ್ತರಿಸಿದ್ದನ್ನು ಎಸೆಯಲು ಕೈ ಬರಲಿಲ್ಲ. ಪ್ಲಗ್ ಬಿಚ್ಚಿ ನೋಡಿದಳು. ತುದಿಗೆ ಮಸಿ ಇರಲಿಲ್ಲ, ಮರಳಿನ ಬಣ್ಣವಿತ್ತು, ಇಂಜಿನ್ ಆರೋಗ್ಯವಾಗಿದೆ ಎಂಬುದರ ಗುರುತು. ಬಿಸ್ಕತ್ತಿನ ಬಣ್ಣ ಬಂದರೆ ಸಾಕು, ಕಣ್ಣು ಮುಚ್ಚಿ ಊರೂರು ಸುತ್ತಬಹುದು ಎಂದು ಅವನು ಹೇಳುತ್ತಿದ್ದುದು ನೆನಪಾಯಿತು. ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟಿನ ಮುಚ್ಚಳ ತೆಗೆದು, ಎರಡು ತುದಿಗಳ ನಡುವೆ ಹಳೆ ಬ್ಲೇಡು ತೂರಿಸಿ ಎಳೆದು ನೋಡಿದಳು. ಬ್ಲೇಡು ಹಿಡಿದೂ ಹಿಡಿಯದ ಹಾಗೆ ಬಂತು. ಅವನ ಲೆಕ್ಕಾಚಾರ ಅದೇ: ಬಿಟ್ಟುಕೊಡಬೇಕು, ಆದರೆ ಬಿಟ್ಟುಕೊಟ್ಟದ್ದು ಕೈಗೆ ಗೊತ್ತಾಗಬೇಕು.

ಹೊಸ ಎಣ್ಣೆ ಹೊಯ್ಯುವ ಮೊದಲು ಕೆಳಗಿನ ಬೋಲ್ಟು ಬಿಗಿದಳು. ತಂತಿ ಹೆಣೆದಳು. ಕೊನೆಯ ಎಳೆ ಬಂದಾಗ ಪ್ಲೇಯರ್ ಹಿಡಿದ ಕೈ ನಿಂತಿತು.

ಎಡಕ್ಕೊಂದು ಸುರುಳಿ ಮಾಡಿದರೆ ಅವನು ಮುಟ್ಟಿ, ಧೈರ್ಯವಾಗಿ ಒಳಗೆ ಬರುತ್ತಾನೆ. ಎದುರಿನ ಬೆಂಚಿನಲ್ಲಿ ದಫೇದಾರಮ್ಮ ಇರುತ್ತಾರೆ.

ಚುಚ್ಚುವ ಹಾಗೆ ಬಿಟ್ಟರೆ ಬೇರೆಯವರ ಕೈ ಬಿದ್ದಿದೆ ಎಂದು ತಿಳಿಯುತ್ತದೆ. ತಿರುಗಿಹೋಗುತ್ತಾನೆ. ಬಹುಶಃ ಮತ್ತೆ ಬರುವುದಿಲ್ಲ. ಭಾವನ ಸದ್ದು ಇನ್ನು ಮೇಲೆ ಭ್ರಮೆಯಾಗಿಯೂ ಕೇಳಿಸುವುದಿಲ್ಲ.

ಅವಳು ತಂತಿಯ ತುದಿಯನ್ನು ನೆಟ್ಟಗೆ ಬಿಟ್ಟಳು. ಹೊರಚಾಚಿ, ಚೂಪಾಗಿ. ಎದ್ದು ಬಂದು ಎಣ್ಣೆ ಹೊಯ್ದಳು.

"ಸ್ಟಾರ್ಟ್ ಮಾಡಮ್ಮ, ನಾನೂ ಒಂದ್ಸಲ ಕೇಳ್ತೀನಿ," ಅಂದರು ದಫೇದಾರಮ್ಮ.

ಅವಳು ಸೀರೆ ಎತ್ತಿ ಸಿಕ್ಕಿಸಿ, ಕಿಕ್ಕಿನ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಬಿಟ್ಟಳು. ಒಂದೇ ಒದೆತಕ್ಕೆ ಹಿಡಿಯಿತು. ಡುಗ್, ಡುಗ್, ಡುಗ್, ನಡುವೆ ಒಂದು ಬಡಿತ ನುಂಗಿ, ಮತ್ತೆ ಡುಗ್. ಪಕ್ಕದ ಮನೆಯಾಕೆ ಮತ್ತೆ ಇಣುಕಿದವಳು ಈ ಸಲ ಏನೂ ಹೇಳದೆ ತಲೆ ಒಳಗೆಳೆದುಕೊಂಡಳು. ಕನ್ನಡಕದಕ್ಕ ಹೊಲಿಗೆ ಅಂಗಡಿಯ ಬೀದಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದಳು. ಆರಿಸುವ ತನಕ ಹಾಗೇ ನಿಂತಿದ್ದಳು.

ಆರಿಸಿದ ಮೇಲೆ, "ಒಂದು ನಿಮಿಷ," ಎಂದು ಒಳಗೆ ಹೋದಳು.

ಗಂಡನಿಗೆ ಬರೆದಿಟ್ಟ ಕಾಗದವೊಂದು ಗಾಜಿನ ಬಿಲ್ಲೆಗಳ ಪೆಟ್ಟಿಗೆಯ ತಳದಲ್ಲಿತ್ತು. ಅವನು ಹೋದ ಹೊಸತರಲ್ಲೇ ಬರೆದು, ಅಂಟಿಸಿ, ಅಂಚೆ ಚೀಟಿಯನ್ನೂ ಹಚ್ಚಿದ್ದಳು. ವಿಳಾಸ ಬರೆಯುವ ಜಾಗ ಮಾತ್ರ ಬೋಳಾಗಿತ್ತು. ಒಳಗೆ ಹೆಚ್ಚೇನೂ ಇರಲಿಲ್ಲ. ಆ ಕೊನೆಯ ದಿನ ಕೆಲಸಕ್ಕೆ ಹೊರಡುವಾಗ ಅವನು, "ಸಂಜೆ ಬೇಗ ಬರ್ತೀನಿ. ಸೇತುವೆ ದಾಟಿ ಒಂದು ಸುತ್ತು ಹೋಗಿಬರೋಣ, ಬರ್ತೀಯಾ?" ಎಂದು ಕೇಳಿದ್ದ. ಅವಳು ಉಜ್ಜುತ್ತಿದ್ದ ಗಾಜಿನಿಂದ ಕಣ್ಣೆತ್ತದೆ, "ಈಗ ನನಗೆ ಪುರುಸೊತ್ತಿಲ್ಲ," ಅಂದಿದ್ದಳು. ಕಾಗದದಲ್ಲಿ ಇದ್ದದ್ದು ಅದಕ್ಕೆ ಅವಳ ಸರಿಯಾದ ಉತ್ತರ. ಬರ್ತೀನಿ. ಎಲ್ಲಿಗೆ ಅಂದರೂ ಬರ್ತೀನಿ.

ಲಕೋಟೆಯನ್ನು ಕೈಯಲ್ಲಿ ಹಿಡಿದು ಕತ್ತಲೆ ಕೋಣೆಯಲ್ಲಿ ನಿಂತಳು. ತಂತಿ ಚುಚ್ಚಿದರೆ ಅವನು ಹೋಗಿಬಿಡುತ್ತಾನೆ, ಓದುವುದೇ ಇಲ್ಲ. ಆದರೆ ಚುಚ್ಚಿದ ಮೇಲೂ, ಬೇರೆಯವರ ಕೈ ಬಿದ್ದಿದೆ ಎಂದು ಗೊತ್ತಾದ ಮೇಲೂ, ಇದು ಅವಳದೇ ಕೈ ಇರಬಹುದೇ ಎಂದು ಒಂದು ಕ್ಷಣ ನಿಂತು ಬಿಚ್ಚಿ ನೋಡುವವನಾದರೆ ಓದಲಿ. ಅಪಾಯ ಗೊತ್ತಿದ್ದೂ ಬರುವುದಾದರೆ ಬರಲಿ. ಅದು ಅವನಿಗೆ ಬಿಟ್ಟದ್ದು. ಅಷ್ಟನ್ನಾದರೂ ಅವನಿಗೆ ಬಿಡಬೇಕು.

ಹೊರಗೆ ಬಂದಾಗ ಮೈದುನ ಬಾವಿಕಟ್ಟೆಯ ಬಳಿ ಕೈ ತೊಳೆಯುತ್ತಿದ್ದ. ದಫೇದಾರಮ್ಮ ಪೆಟ್ಟಿಗೆಯ ಮೇಲೆ ಕೂತು, ಮುಂಗೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

ಗಾಡಿಯ ಪಕ್ಕದ ಡಬ್ಬಿಯಲ್ಲಿ ಸ್ಪ್ಯಾನರುಗಳನ್ನು ಸುತ್ತಿಡುವ ಬಟ್ಟೆಯ ಸುರುಳಿ ಇತ್ತು. ಮೈದುನನೇ ಹೊಲಿದುಕೊಟ್ಟಿದ್ದು, ಒಂದೊಂದು ಸ್ಪ್ಯಾನರಿಗೆ ಒಂದೊಂದು ಜೇಬು. ಪ್ಲಗ್ ಬಿಚ್ಚುವ ಸ್ಪ್ಯಾನರಿನ ಜೇಬಿನಲ್ಲಿ ಕಾಗದವನ್ನು ಎಲ್ಲರ ಎದುರಿಗೇ ಇಟ್ಟು, ಸುತ್ತಿ, ದಾರ ಕಟ್ಟಿ, ಡಬ್ಬಿಯ ಬಾಗಿಲು ಹಾಕಿದಳು.

"ಅವರಿಗೆ," ಎಂದಳು.

"ಆಗಲಿ," ಎಂದರು ದಫೇದಾರಮ್ಮ. ಓದಬೇಕು ಎಂದು ಕೇಳಲಿಲ್ಲ. ಅದರಿಂದ ಅವಳಿಗೆ ಸ್ವಲ್ಪ ಆಶ್ಚರ್ಯವಾಯಿತು.

ಮೈದುನ ಹ್ಯಾಂಡಲ್ ಹಿಡಿದು ಗಾಡಿಯನ್ನು ತಳ್ಳಿದ. ಬಾಗಿಲ ಹೊಸ್ತಿಲಲ್ಲಿ ಹಿಂದಿನ ಚಕ್ರ ತಡೆಯಿತು. ಅವಳೇ ಕೈ ಕೊಟ್ಟು ದಾಟಿಸಿದಳು. ಟಯರಿನ ಗುರುತು ಅಂಗಳದಿಂದ ಬೀದಿಯವರೆಗೆ ಒಂದು ಗೆರೆಯಾಗಿ ಉಳಿಯಿತು. ಮೈದುನನ ಬೆನ್ನು, ಅದರಾಚೆ ಭಾವನ ದುಂಡನೆಯ ದೀಪ, ಬೀದಿಯ ತಿರುವಿನ ಕಡೆ ಸಣ್ಣದಾಗುತ್ತ ಹೋದವು.

"ಚಹಾ ಮಾಡ್ತೀನಿ ಅಂದಿದ್ದೆಯಲ್ಲಮ್ಮ," ಎಂದರು ದಫೇದಾರಮ್ಮ.

ಅವಳು ತಿರುಗಿದಳು. ಮೊದಲು ಕಂಡದ್ದು ದಫೇದಾರಮ್ಮನ ಸೀರೆ. ಎರಡು ಮಂಡಿಯ ಜಾಗದಲ್ಲೂ ಅಂಗಳದ ಮಣ್ಣು ದುಂಡಗೆ ಹತ್ತಿತ್ತು. ಆಮೇಲೆ ಅವರ ಹೆಬ್ಬೆರಳು. ಅದರ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಪೆಟ್ಟಿಗೆಯ ಪಕ್ಕ, ಅವಳು ಇಟ್ಟಿರದ ಜಾಗದಲ್ಲಿ, ಪ್ಲೇಯರ್ ಬಿದ್ದಿತ್ತು.

"ಬಗ್ಗಿದ್ರಾ?" ಎಂದಳು.

"ಪ್ರಾಣವೇ ಹೋಯ್ತು," ಎಂದರು ದಫೇದಾರಮ್ಮ. ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡರು. ಅವಳ ಕಣ್ಣನ್ನು ತಪ್ಪಿಸಲಿಲ್ಲ. "ನೀನು ತುದಿ ಹಾಗೇ ಬಿಟ್ಟಿದ್ದೆ. ನಾನು ಸುರುಳಿ ಮಾಡ್ದೆ. ನನ್ನ ಬೈಕೋ ತಾಯಿ. ಆದ್ರೆ ಆ ಹುಡುಗಿನೂ ಏಳು ವರ್ಷದಿಂದ ಕಾಯ್ತಾ ಇದಾಳೆ."

ಕನ್ನಡಕದಕ್ಕ ಬೈಯಲಿಲ್ಲ. ಓಡಲೂ ಇಲ್ಲ. ಒಂದು ಹೆಜ್ಜೆ ಹತ್ತಿರ ಬಂದು, ಗಾಜನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಅವರ ಬಲಗೈಯನ್ನು ನೋಡಿದಳು.

"ಯಾವ ಕಡೆಗೆ?" ಎಂದು ಕೇಳಿದಳು.

"ಎಡಕ್ಕೇ. ನೀನು ಹೇಳಿದ್ದೆಯಲ್ಲ, ಎಡಕ್ಕೇ…" ದಫೇದಾರಮ್ಮ ಮಾತು ನಿಲ್ಲಿಸಿದರು. ಗಾಡಿಯ ಕೆಳಗೆ ಕುತ್ತಿಗೆ ತಿರುಚಿ, ಕೆಳಗಿನಿಂದ ಮೇಲಕ್ಕೆ ನೋಡುತ್ತ ಮಾಡಿದ್ದು; ಅಲ್ಲಿಂದ ಬಲವೇ ಎಡವಾಗಿ ಕಂಡಿರಬಹುದು. ಹೆಬ್ಬೆರಳು ತೋರುಬೆರಳುಗಳನ್ನು ಸೇರಿಸಿ ಗಾಳಿಯಲ್ಲಿ ಒಮ್ಮೆ ಈ ಕಡೆ ತಿರುಗಿಸಿದರು. ಮತ್ತೊಮ್ಮೆ ಆ ಕಡೆ.

ಮೂರನೆಯ ಸಲ ತಿರುಗಿಸುವಷ್ಟರಲ್ಲಿ, ಕಾಗದ ಹೊತ್ತ ಗಾಡಿ ತಿರುವು ದಾಟಿ ಮರೆಯಾಗಿತ್ತು.